ಒಬ್ಬನೇ ಹುಡುಗ, ಮೂರು ಡ್ರಾಫ್ಟ್

ಕುಮಾರ್ ರಾಕರ್ ಎಂಬ ಪಿಚರ್‌ನನ್ನು (ಬ್ಯಾಟರ್‌ಗೆ ಚೆಂಡೆಸೆಯುವವನನ್ನು) ಅಮೆರಿಕದ ಮೇಜರ್ ಲೀಗ್ ಬೇಸ್‌ಬಾಲ್ ತಂಡಗಳು ಮೂರು ಸಲ ಡ್ರಾಫ್ಟ್ ಮಾಡಿವೆ, ಅಂದರೆ ಹೊಸಬರನ್ನು ಸರದಿಯಲ್ಲಿ ಆರಿಸುವಾಗ ಅವನ ಹೆಸರು ಕೂಗಿವೆ. 2018ರಲ್ಲಿ ಜಾರ್ಜಿಯಾದಲ್ಲಿ ಹೈಸ್ಕೂಲ್ ಮುಗಿಸಿದಾಗ ಕೊಲೊರಾಡೊ ರಾಕೀಸ್ ತಂಡ ಅವನ ಹೆಸರು ಕೂಗಿದ್ದು 38ನೇ ಸುತ್ತಿನಲ್ಲಿ. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ ಮೊದಲ ಸುತ್ತಿನಲ್ಲೇ, ಹತ್ತನೆಯವನಾಗಿ ಆರಿಸಿತು. 2022ರಲ್ಲಿ ಟೆಕ್ಸಸ್ ರೇಂಜರ್ಸ್ ಮೂರನೆಯವನಾಗಿ ಆರಿಸಿತು. ಕೊನೆಯ ಎರಡರ ನಡುವಿನ ವರ್ಷದಲ್ಲಿ ಅವನು ಕಾಲೇಜಿಗೆ ಆಡಿರಲಿಲ್ಲ, ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿತ್ತು, ಒಂದು ತಂಡ ಅವನ ತೋಳಿನ ವೈದ್ಯಕೀಯ ವರದಿ ನೋಡಿ ಕೈಬಿಟ್ಟಿತ್ತು. ಆದರೂ ಸ್ಥಾನ ಏರಿತು.

ಅವನ ತಾಯಿ ಭಾರತೀಯ ಮೂಲದವರು, ತಂದೆ ಟ್ರೇಸಿ ರಾಕರ್ ಅಮೆರಿಕನ್ ಫುಟ್‌ಬಾಲಿನ ಹೆಸರಾಂತ ಆಟಗಾರ. ಕ್ರಿಕೆಟ್ ಬಿಟ್ಟು ಬೇರೆ ಆಟಕ್ಕೆ ಮನಸ್ಸು ಕೊಡದ ನಮ್ಮವರು ಇಲ್ಲಿ ಎಷ್ಟೋ ಜನ, ಟಿವಿ ಪರದೆಯ ಮೇಲೆ ‘ಕುಮಾರ್’ ಎಂಬ ಹೆಸರು ಕಂಡು ಈ ಆಟದ ಮುಂದೆ ಕೂತಿದ್ದಾರೆ. ನಾನು ಅದಕ್ಕೂ ಮೊದಲಿನಿಂದ ನೋಡುತ್ತಿದ್ದೆ. ಆದರೆ ಡ್ರಾಫ್ಟನ್ನು ಊಹಿಸುವುದು ಎಂದರೆ ಏನನ್ನು ಊಹಿಸುವುದು ಎಂದು ನನಗೆ ಸ್ಪಷ್ಟವಾಗಿದ್ದು ಈ ಹುಡುಗನ ಮೂರು ಸಂಖ್ಯೆಗಳನ್ನು ಬಿಡಿಸಿ ನೋಡಿದಾಗಲೇ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಐಪಿಎಲ್ ಹರಾಜಿನಲ್ಲಿ ಹಣ ಹೆಚ್ಚು ಕೂಗಿದವರಿಗೆ ಆಟಗಾರ ಸಿಗುತ್ತಾನೆ. ಇಲ್ಲಿನ ಡ್ರಾಫ್ಟ್‌ನಲ್ಲಿ ಹರಾಜಿಲ್ಲ, ಸರದಿ ಇದೆ. ಸೋತ ತಂಡಗಳಿಗೆ ಮೊದಲ ಅವಕಾಶ. ಬೇಕೆಂದೇ ಸೋಲುವುದನ್ನು ತಡೆಯಲು 2023ರ ಡ್ರಾಫ್ಟ್‌ನಿಂದ ಮೊದಲ ಕೆಲವು ಸ್ಥಾನಗಳಿಗೆ ಲಾಟರಿ ಎತ್ತುತ್ತಾರೆ. ಅಮೆರಿಕ, ಕೆನಡಾ, ಪೋರ್ಟೊ ರಿಕೊಗಳ ಹೈಸ್ಕೂಲ್ ಮತ್ತು ಕಾಲೇಜು ಹುಡುಗರು ಇದರ ವ್ಯಾಪ್ತಿಗೆ ಬರುತ್ತಾರೆ. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾದ ಹುಡುಗರದು ಬೇರೆಯೇ ದಾರಿ. ಆರಿಸಿದ ತಂಡದೊಂದಿಗೆ ಮಾತ್ರ ಹುಡುಗ ಮಾತಾಡಬೇಕು. ಒಪ್ಪದಿದ್ದರೆ ಕಾಲೇಜಿಗೆ ಹೋಗಿ ಮತ್ತೆ ಕಾಯಬೇಕು. 1965ರಲ್ಲಿ ಮೊದಲ ಡ್ರಾಫ್ಟ್ ನಡೆಯಿತು. ಆ ವರ್ಷ ಮೊದಲು ಆಯ್ಕೆಯಾದವನು ರಿಕ್ ಮಂಡೇ. ಅದೇ ಡ್ರಾಫ್ಟ್‌ನ 12ನೇ ಸುತ್ತಿನಲ್ಲಿ, 295ನೆಯವನಾಗಿ ಸಿಕ್ಕವನು ನೋಲನ್ ರಯಾನ್. ಆಟದ ಇತಿಹಾಸದಲ್ಲೇ ಅತಿ ಹೆಚ್ಚು ಸ್ಟ್ರೈಕ್‌ಔಟ್ ಮಾಡಿದ, ಅಂದರೆ ಬರೀ ತನ್ನ ಎಸೆತದಿಂದಲೇ ಬ್ಯಾಟರ್‌ಗಳನ್ನು ಔಟ್ ಮಾಡಿದ ಪಿಚರ್ ಅವನು. ಅಂದರೆ ಮೊದಲ ವರ್ಷದಿಂದಲೇ ಈ ವ್ಯವಸ್ಥೆಯ ಕಣ್ಣಿಗೆ ಬೀಳದೆ ದಾಟಿಹೋದವರ ಸಾಲು ಶುರುವಾಯಿತು.

ಆ ಸಾಲು ಉದ್ದವಿದೆ. 1966ರಲ್ಲಿ ಮೆಟ್ಸ್ ಮೊದಲು ಆರಿಸಿದ ಕ್ಯಾಚರ್ ಸ್ಟೀವ್ ಚಿಲ್ಕಾಟ್ ಮೇಜರ್ ಲೀಗ್‌ವರೆಗೆ ಬರಲೇ ಇಲ್ಲ, ಎರಡನೆಯವನು ರೆಜಿ ಜಾಕ್ಸನ್. 1991ರಲ್ಲಿ ಯಾಂಕೀಸ್ 15.5 ಲಕ್ಷ ಡಾಲರ್ ಕೊಟ್ಟ ಬ್ರಿಯನ್ ಟೇಲರ್ ಒಂದು ಜಗಳದಲ್ಲಿ ಭುಜಕ್ಕೆ ದೊಡ್ಡ ಗಾಯ ಮಾಡಿಕೊಂಡ, ಅವನೂ ಬರಲಿಲ್ಲ. 1999ರಲ್ಲಿ 402ನೆಯವನಾಗಿ ಸಿಕ್ಕ ಆಲ್ಬರ್ಟ್ ಪೂಹೋಲ್ಸ್ 703 ಹೋಮ್ ರನ್ ಹೊಡೆದು ನಿವೃತ್ತನಾದ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 2016ರ ಬೇಸಿಗೆ. ಕೂಪರ್ಸ್‌ಟೌನ್‌ನ ಹಾಲ್ ಆಫ್ ಫೇಮ್‌ಗೆ ಆ ದಿನ ಇಬ್ಬರು ಸೇರಿದರು. ಒಬ್ಬ ಕೆನ್ ಗ್ರಿಫಿ ಜೂನಿಯರ್, 1987ರ ಡ್ರಾಫ್ಟ್‌ನ ಮೊಟ್ಟಮೊದಲ ಆಯ್ಕೆ. ಇನ್ನೊಬ್ಬ ಮೈಕ್ ಪಿಯಾಜಾ, 1988ರ 62ನೇ ಸುತ್ತಿನವನು, 1390ನೆಯವನು. ಡಾಡ್ಜರ್ಸ್ ಮ್ಯಾನೇಜರ್ ಟಾಮಿ ಲಸೋರ್ಡಾ ಅವನ ತಂದೆಯ ಸ್ನೇಹಿತ. ಆ ಸ್ನೇಹಕ್ಕೋಸ್ಕರ ತಂಡ ಅವನ ಹೆಸರನ್ನು ಕೊನೆಯಲ್ಲಿ ಸೇರಿಸಿತ್ತು.

ಇಂಥ ಕತೆಗಳನ್ನು ಸಾಲಾಗಿ ಹೇಳಿ ‘ನೋಡಿ, ಯಾರಿಗೂ ಏನೂ ತಿಳಿಯುವುದಿಲ್ಲ’ ಎಂದು ಮುಗಿಸುವುದು ರೂಢಿ. ನನಗೆ ಅದು ಒಪ್ಪಿಗೆಯಿಲ್ಲ. ಒಟ್ಟಾರೆ ನೋಡಿದರೆ ಮೊದಲ ಸುತ್ತಿನವರು ಹತ್ತನೇ ಸುತ್ತಿನವರಿಗಿಂತ ಖಂಡಿತ ಚೆನ್ನಾಗಿ ಆಡುತ್ತಾರೆ. ತಂಡಗಳಿಗಾಗಿ ಹುಡುಗರನ್ನು ಹುಡುಕಿ ಅಳೆಯುವ ಸ್ಕೌಟ್‌ಗಳ ಕಣ್ಣಿಗೆ ಬೆಲೆಯಿದೆ. ತೊಡಕಿರುವುದು ಬೇರೆ ಕಡೆ. ‘ಈ ಹುಡುಗನನ್ನು ಯಾವ ತಂಡ, ಎಷ್ಟನೆಯವನಾಗಿ ಆರಿಸುತ್ತದೆ’ ಎಂಬುದು ಒಂದು ಪ್ರಶ್ನೆ, ಅದಕ್ಕೆ ಉತ್ತರ ಜುಲೈನ ಒಂದು ಸಂಜೆ ಸಿಕ್ಕಿಬಿಡುತ್ತದೆ. ‘ಈ ಹುಡುಗ ಒಳ್ಳೆಯ ಆಟಗಾರನಾಗುತ್ತಾನಾ’ ಎಂಬುದು ಇನ್ನೊಂದು ಪ್ರಶ್ನೆ, ಅದಕ್ಕೆ ಹತ್ತು ವರ್ಷ ಬೇಕು. ಪತ್ರಿಕೆಗಳು, ಟಿವಿಯವರು, ಹುಡುಗರ ತಂದೆತಾಯಿ ಎಲ್ಲರೂ ಮೊದಲನೆಯದರ ಉತ್ತರವನ್ನು ಎರಡನೆಯದರ ಉತ್ತರವೆಂದು ಓದುತ್ತಾರೆ. ಆ ಓದಿನ ಭಾರ ಬೀಳುವುದು ಹದಿನೇಳು-ಹದಿನೆಂಟರ ಹುಡುಗರ ಮೇಲೆ.

ಮೊದಲು ಸ್ಕೌಟ್‌ಗಳ ಮಾತು. ಮಲೆನಾಡಿನ ಅಡಿಕೆ ತೋಟದಲ್ಲಿ ಚೇಣಿ ಹಿಡಿಯುವವನು ಮರದ ಮೇಲಿನ ಹಸಿರು ಗೊನೆ ನೋಡಿ, ಕೊಯ್ಲಿಗೆ ತಿಂಗಳುಗಳಿರುವಾಗಲೇ ಬೆಲೆ ಮಾತಾಡುತ್ತಾನಲ್ಲ, ಏರಿಯಾ ಸ್ಕೌಟ್‌ನ ಕೆಲಸವೂ ಅಂಥದ್ದೇ. ಒಂದೆರಡು ರಾಜ್ಯ ಅವನ ಪಾಲಿಗೆ. ಕಾರಿನಲ್ಲಿ ಊರೂರು ಸುತ್ತಿ, ರೇಡಾರ್ ಗನ್ ಹಿಡಿದು, ಹುಡುಗರನ್ನು 20ರಿಂದ 80ರ ಅಳತೆಯಲ್ಲಿ ತೂಗುತ್ತಾನೆ. ಮೇಜರ್ ಲೀಗಿನ ಸಾಧಾರಣ ಆಟಗಾರನಿಗೆ 50. ಚೆಂಡಿಗೆ ಬ್ಯಾಟ್ ತಾಗಿಸುವುದು, ದೂರ ಹೊಡೆಯುವ ಶಕ್ತಿ, ಓಟ, ಎಸೆತದ ಬಲ, ಫೀಲ್ಡಿಂಗ್ ಎಂಬ ಐದಕ್ಕೂ ಬೇರೆಬೇರೆ ಅಂಕ. ಈಗಿನದೊಂದು, ಮುಂದೆ ಬರಬಹುದಾದದ್ದೊಂದು. ಅವನ ಮೇಲೆ ಆ ಅಂಕಗಳನ್ನು ಮತ್ತೆ ಪರಿಶೀಲಿಸುವ ಕ್ರಾಸ್‌ಚೆಕರ್, ಅವನ ಮೇಲೆ ಸ್ಕೌಟಿಂಗ್ ಡೈರೆಕ್ಟರ್. ಇವತ್ತು ಇದರ ಜೊತೆಗೆ ಟ್ರ್ಯಾಕ್‌ಮ್ಯಾನ್‌ನಂಥ ರೇಡಾರ್ ಯಂತ್ರಗಳು ಚೆಂಡು ನಿಮಿಷಕ್ಕೆ ಎಷ್ಟು ಸುತ್ತು ತಿರುಗುತ್ತದೆ ಎಂಬುದನ್ನೂ ಅಳೆದುಕೊಡುತ್ತವೆ. ಕಾಲೇಜಿನಲ್ಲಿ ಲೋಹದ ಬ್ಯಾಟ್, ವೃತ್ತಿಪರ ಆಟದಲ್ಲಿ ಮರದ ಬ್ಯಾಟ್. ಹಾಗಾಗಿ ಮರದ ಬ್ಯಾಟ್ ಹಿಡಿದು ಆಡುವ ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ಲೀಗ್ ಬೇಸಿಗೆಯಲ್ಲಿ ಸ್ಕೌಟ್‌ಗಳಿಂದ ತುಂಬಿರುತ್ತದೆ.

ಇಷ್ಟೆಲ್ಲ ಇದ್ದೂ ಹವಾಮಾನದಂಥ ಸಣ್ಣ ಸಂಗತಿ ಕಣ್ಣು ಕಟ್ಟುತ್ತದೆ. ನಾನಿರುವ ನ್ಯೂಜೆರ್ಸಿಯಲ್ಲಿ ಮಾರ್ಚ್‌ನಲ್ಲೂ ಮೈದಾನಗಳು ಚಳಿಗೆ ಮರಗಟ್ಟಿರುತ್ತವೆ. ಫ್ಲಾರಿಡಾ, ಕ್ಯಾಲಿಫೋರ್ನಿಯಾದ ಹುಡುಗರು ವರ್ಷವಿಡೀ ಆಡುತ್ತಾರೆ. ನಮ್ಮ ರಾಜ್ಯದ ದಕ್ಷಿಣದಲ್ಲಿ ಮಿಲ್‌ವಿಲ್ ಎಂಬ ಊರಿದೆ. ಅಲ್ಲಿನ ಮೈಕ್ ಟ್ರೌಟ್‌ನನ್ನು 2009ರಲ್ಲಿ 24 ಸಲ ದಾಟಿಹೋಗಲಾಯಿತು. ಏಂಜಲ್ಸ್ ತಂಡದ್ದೇ 24 ಮತ್ತು 25ನೇ ಸರದಿ. ಅವರೂ 24ರಲ್ಲಿ ರ‍್ಯಾಂಡಲ್ ಗ್ರಿಚಕ್‌ನನ್ನು ಕೂಗಿ, ಆಮೇಲೆ 25ರಲ್ಲಿ ಟ್ರೌಟ್‌ನನ್ನು ಕೂಗಿದರು. ಸಿಕಾಕಸ್‌ನ ಟಿವಿ ಸ್ಟುಡಿಯೋಗೆ ಆ ಸಂಜೆ ಖುದ್ದು ಬಂದು ಕೂತಿದ್ದ ಆಟಗಾರ ಅವನೊಬ್ಬನೇ. ಚಳಿ ರಾಜ್ಯದ ಹುಡುಗ, ಆಡಿದ ಪಂದ್ಯ ಕಡಿಮೆ, ಎದುರಿಸಿದ ಪಿಚರ್‌ಗಳು ಸಾಧಾರಣ ಎಂಬ ಅನುಮಾನಗಳು ಸೇರಿ ಆ ತಲೆಮಾರಿನ ಅತ್ಯುತ್ತಮ ಆಟಗಾರನನ್ನು 25ನೆಯವನನ್ನಾಗಿಸಿದವು. ಅವನಿಗೆ ಆಗ ಇನ್ನೂ ಹದಿನೇಳು. ತನ್ನ ತರಗತಿಯ ಕಿರಿಯರಲ್ಲಿ ಒಬ್ಬ. ಎರಡು ವರ್ಷದ ಬಳಿಕ ರ‍್ಯಾನಿ ಜಜಯೇರ್ಲಿ ಎಂಬ ಬರಹಗಾರ ಹಳೆಯ ಡ್ರಾಫ್ಟ್‌ಗಳನ್ನು ಕೆದಕಿ, ಹೈಸ್ಕೂಲ್ ಆಯ್ಕೆಗಳಲ್ಲಿ ಕೆಲವು ತಿಂಗಳು ಕಿರಿಯರಾದವರು ನಿರೀಕ್ಷೆ ಮೀರಿ ಬೆಳೆದಿದ್ದಾರೆ ಎಂದು ತೋರಿಸಿದರು. ಈಗ ತಂಡಗಳ ಲೆಕ್ಕಾಚಾರದಲ್ಲಿ ಹುಟ್ಟಿದ ತಾರೀಖಿಗೂ ತೂಕವಿದೆ.

ಇನ್ನು ಹಣ. ನನ್ನ ಮಟ್ಟಿಗೆ ಡ್ರಾಫ್ಟ್ ಊಹಿಸುವ ಕೆಲಸದ ತಿರುಳು ಇರುವುದೇ ಇಲ್ಲಿ.

2012ರಿಂದ ಮೊದಲ ಹತ್ತು ಸುತ್ತಿನ ಪ್ರತಿ ಸ್ಥಾನಕ್ಕೂ ಒಂದು ಮೊತ್ತ ನಿಗದಿಯಾಗಿದೆ, ಅದಕ್ಕೆ ಸ್ಲಾಟ್ ಎನ್ನುತ್ತಾರೆ. ಒಂದು ತಂಡದ ಎಲ್ಲ ಸ್ಲಾಟ್‌ಗಳನ್ನೂ ಕೂಡಿದರೆ ಬರುವುದು ಆ ವರ್ಷ ಅದು ಖರ್ಚು ಮಾಡಬಹುದಾದ ಒಟ್ಟು ಹಣ. ಶೇ. 5ಕ್ಕಿಂತ ಹೆಚ್ಚು ಮೀರಿದರೆ ಮುಂದಿನ ವರ್ಷದ ಮೊದಲ ಸುತ್ತಿನ ಆಯ್ಕೆಯೇ ಕೈತಪ್ಪುತ್ತದೆ. ಆದರೆ ಒಟ್ಟು ಮೊತ್ತದೊಳಗೆ ಯಾರಿಗೆ ಎಷ್ಟು ಕೊಡಬೇಕೆಂಬುದು ತಂಡದ ಇಷ್ಟ. ಈ ಬಾಗಿಲು ಎಷ್ಟು ದೊಡ್ಡದು ಎಂದು ಮೊದಲು ಕಂಡುಕೊಂಡದ್ದು ಹ್ಯೂಸ್ಟನ್ ಆಸ್ಟ್ರೋಸ್. 2012ರಲ್ಲಿ ಮೊದಲ ಸರದಿ ಅವರದು. ಸ್ಟ್ಯಾನ್‌ಫರ್ಡ್‌ನ ಪಿಚರ್ ಮಾರ್ಕ್ ಅಪೆಲ್‌ನನ್ನೇ ಆರಿಸುತ್ತಾರೆಂದು ಬಹುತೇಕರು ಬರೆದಿದ್ದರು. ಅವರು ಕೂಗಿದ್ದು ಪೋರ್ಟೊ ರಿಕೊದ ಹದಿನೇಳರ ಕಾರ್ಲೋಸ್ ಕೊರಿಯಾನನ್ನು. 72 ಲಕ್ಷ ಡಾಲರಿನ ಸ್ಥಾನಕ್ಕೆ ಅವನು 48 ಲಕ್ಷಕ್ಕೆ ಒಪ್ಪಿದ. ಉಳಿದ ಹಣದಲ್ಲಿ 41ನೇ ಸರದಿಗೆ ಲಾನ್ಸ್ ಮೆಕಲರ್ಸ್ ಜೂನಿಯರ್‌ಗೆ 25 ಲಕ್ಷ ಕೊಟ್ಟರು. ಇಬ್ಬರೂ 2017ರ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿದ್ದರು. ಅಪೆಲ್ ಎಂಟನೆಯವನಾಗಿ ಇಳಿದ, ಒಪ್ಪದೆ ಕಾಲೇಜಿಗೆ ಮರಳಿದ, ಮರುವರ್ಷ ಅದೇ ಹ್ಯೂಸ್ಟನ್ ಅವನನ್ನು ಮೊದಲನೆಯವನಾಗಿ ಆರಿಸಿತು. ಗಾಯಗಳಿಂದ ಬಳಲಿ 2018ರಲ್ಲಿ ಆಟ ಬಿಟ್ಟ ಅಪೆಲ್, ಮತ್ತೆ ಮರಳಿ 2022ರಲ್ಲಿ ಫಿಲಡೆಲ್ಫಿಯಾ ಪರ ಮೇಜರ್ ಲೀಗ್‌ಗೆ ಕಾಲಿಟ್ಟಾಗ ಅವನಿಗೆ ಮೂವತ್ತು ದಾಟಿತ್ತು. ಆ ದಿನ ನಾನು ಅವನಿಗಾಗಿ ಖುಷಿಪಟ್ಟಷ್ಟು ಯಾವ ಚಾಂಪಿಯನ್ ತಂಡಕ್ಕೂ ಪಟ್ಟಿಲ್ಲ.

ಇದೇ ನಿಯಮದ ಇನ್ನೊಂದು ಮುಖ 2014ರಲ್ಲಿ ಕಂಡಿತು. ಹ್ಯೂಸ್ಟನ್ ಮೊದಲು ಆರಿಸಿದ ಬ್ರೇಡಿ ಏಕನ್ 65 ಲಕ್ಷಕ್ಕೆ ಒಪ್ಪಿದ್ದ. ಅವನ ಮೊಣಕೈ ಸ್ಕ್ಯಾನ್ ನೋಡಿ ತಂಡ ಮೊತ್ತ ಇಳಿಸಿತು, ಮಾತು ಮುರಿಯಿತು. ಆಟಗಾರ ಸಹಿ ಹಾಕದಿದ್ದರೆ ಅವನ ಸ್ಲಾಟ್ ಮೊತ್ತ ತಂಡದ ಒಟ್ಟು ಹಣದಿಂದ ಮಾಯವಾಗುತ್ತದೆ. ಆ ಹಣವನ್ನು ನೆಚ್ಚಿ ಐದನೇ ಸುತ್ತಿನ ಜೇಕಬ್ ನಿಕ್ಸ್ ಎಂಬ ಹುಡುಗನಿಗೆ 15 ಲಕ್ಷ ಕೊಡುವುದಾಗಿ ಒಪ್ಪಿದ್ದರು. ಅವನ ತೋಳಿನಲ್ಲಿ ಏನೂ ದೋಷವಿರಲಿಲ್ಲ, ಯಾರೂ ಇದೆ ಎಂದಿರಲೂ ಇಲ್ಲ. ಅವನ ಒಪ್ಪಂದವೂ ಹೋಯಿತು. ಏಕನ್‌ನ ಬದಲಿಗೆ ಮರುವರ್ಷ ಸಿಕ್ಕ ಎರಡನೇ ಸರದಿಯಲ್ಲಿ ಹ್ಯೂಸ್ಟನ್ ಅಲೆಕ್ಸ್ ಬ್ರೆಗ್‌ಮನ್‌ನನ್ನು ಪಡೆದು ಲಾಭ ಮಾಡಿಕೊಂಡಿತು. ತಂಡಕ್ಕೆ ಪರಿಹಾರ ಕೊಡಲು ನಿಯಮವಿತ್ತು, ಹುಡುಗನಿಗೆ ಕೊಡಲು ಇರಲಿಲ್ಲ. ಇದನ್ನು ನೆನೆದರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಈಗ ರಾಕರ್‌ನ ಮೂರು ಸಂಖ್ಯೆಗಳಿಗೆ ಬರೋಣ. 2018ರಲ್ಲೇ ಅವನು ಮೊದಲ ಸುತ್ತಿನ ಯೋಗ್ಯತೆಯವನೆಂದು ಎಲ್ಲರೂ ಬಲ್ಲವರಾಗಿದ್ದರು. ಆದರೆ ಅವನು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯಕ್ಕೆ ಮಾತು ಕೊಟ್ಟಿದ್ದ. ಬಿಡಿಸಲು ದೊಡ್ಡ ಮೊತ್ತ ಬೇಕಿತ್ತು. 38 ಎಂಬುದು ಅವನ ಆಟದ ಅಳತೆಯಲ್ಲ, ಅವನು ಬರುವುದಿಲ್ಲ ಎಂಬ ಖಾತ್ರಿಯ ಅಳತೆ. ಒಂದೇ ವರ್ಷದಲ್ಲಿ, 2019ರ ಜೂನ್‌ನಲ್ಲಿ, ಡ್ಯೂಕ್ ವಿರುದ್ಧ ಒಂದೂ ಹಿಟ್ ಕೊಡದೆ 19 ಜನರನ್ನು ಸ್ಟ್ರೈಕ್‌ಔಟ್ ಮಾಡಿದ. ವ್ಯಾಂಡರ್‌ಬಿಲ್ಟ್ ಕಾಲೇಜ್ ವರ್ಲ್ಡ್ ಸೀರೀಸ್ ಗೆದ್ದಿತು, ಅತ್ಯುತ್ತಮ ಆಟಗಾರ ಅವನೇ. 2021ರಲ್ಲಿ ವೇಗ ಏರಿಳಿಯಿತೆಂಬ ಗುಸುಗುಸುವಿನಲ್ಲಿ ಹತ್ತಕ್ಕೆ ಇಳಿದ. ಮೆಟ್ಸ್ 60 ಲಕ್ಷಕ್ಕೆ ಒಪ್ಪಿ, ವೈದ್ಯಕೀಯ ಪರೀಕ್ಷೆಯ ಬಳಿಕ ಹಿಂದೆ ಸರಿಯಿತು. ಡ್ರಾಫ್ಟ್‌ಗೆ ಮುಂಚೆ ಅವನು ಲೀಗಿನ ಎಂಆರ್‌ಐ ವ್ಯವಸ್ಥೆಗೆ ಒಳಪಟ್ಟಿರಲಿಲ್ಲವಾದ್ದರಿಂದ ತಂಡ ಒಂದು ಡಾಲರ್ ಕೂಡ ಕೊಡಬೇಕಿರಲಿಲ್ಲ. ಮರುವರ್ಷ ಲೀಗ್ ಮತ್ತು ಆಟಗಾರರ ಸಂಘದ ನಡುವಿನ ಒಪ್ಪಂದದಲ್ಲಿ, ಮುಂಚಿತವಾಗಿ ಪರೀಕ್ಷೆ ಮಾಡಿಸಿಕೊಂಡ ಅಗ್ರ ಆಟಗಾರರಿಗೆ ಸ್ಲಾಟಿನ ಕನಿಷ್ಠ ಶೇ. 75ನ್ನಾದರೂ ಕೊಡಲೇಬೇಕೆಂಬ ನಿಯಮ ಬಂತು.

2022ರ ಆ ಮೂರನೇ ಸ್ಥಾನ ಡ್ರಾಫ್ಟ್ ಬಲ್ಲವರನ್ನೆಲ್ಲ ಬೆಚ್ಚಿಬೀಳಿಸಿತು. ಲೆಕ್ಕ ನೋಡಿದರೆ ಅದರಲ್ಲಿ ಹುಚ್ಚೇನೂ ಇಲ್ಲ. ರೇಂಜರ್ಸ್ ಹಿಂದಿನ ಚಳಿಗಾಲದಲ್ಲಿ ಕೋರಿ ಸೀಗರ್, ಮಾರ್ಕಸ್ ಸಿಮಿಯನ್‌ರಂಥ ದೊಡ್ಡವರನ್ನು ಕೊಂಡಿದ್ದಕ್ಕೆ ದಂಡವಾಗಿ ಎರಡು, ಮೂರನೇ ಸುತ್ತುಗಳ ಆಯ್ಕೆ ಕಳೆದುಕೊಂಡಿತ್ತು. ಮೂರನೆಯವನ ನಂತರ ಅವರ ಸರದಿ 109ಕ್ಕೆ. ಸುಮಾರು 76 ಲಕ್ಷದ ಸ್ಥಾನಕ್ಕೆ ರಾಕರ್ 52 ಲಕ್ಷಕ್ಕೆ ಬಂದ. ಮಿಶಿಗನ್‌ನ ಹೈಸ್ಕೂಲ್ ಪಿಚರ್ ಬ್ರಾಕ್ ಪೋರ್ಟರ್ ಮೊದಲ ಸುತ್ತಿನವನೆಂದು ಹೆಸರಾಗಿದ್ದ, ಕೇಳುವ ಮೊತ್ತ ದೊಡ್ಡದೆಂದು ಎಲ್ಲರೂ ಬಿಟ್ಟಿದ್ದರು. 109ಕ್ಕೆ ಅವನ ಹೆಸರು ಕೂಗಿ 37 ಲಕ್ಷ ಕೊಟ್ಟರು. ಮೊದಲ ಸುತ್ತಿನಲ್ಲಿ ಒಂದೇ ಆಯ್ಕೆಯಿದ್ದ ತಂಡಕ್ಕೆ ಎರಡು ಮೊದಲ ಸುತ್ತಿನ ತೋಳುಗಳು. ಈ ಲೆಕ್ಕವನ್ನು ಊಹಿಸಬೇಕಿದ್ದವರು ರಾಕರ್‌ನ ಸ್ಲೈಡರ್ (ಪಕ್ಕಕ್ಕೆ ತಿರುಗುವ ವೇಗದ ಎಸೆತ) ನೋಡಿ ಊಹಿಸಲಾಗುತ್ತಿರಲಿಲ್ಲ. ರೇಂಜರ್ಸ್ ಕಚೇರಿಯ ಖಾತೆ ಪುಸ್ತಕ ನೋಡಬೇಕಿತ್ತು.

ಮಾಕ್ ಡ್ರಾಫ್ಟ್, ಅಂದರೆ ಯಾವ ತಂಡ ಯಾರನ್ನು ಆರಿಸುತ್ತದೆಂದು ಮೊದಲೇ ಊಹಿಸುವ ಪಟ್ಟಿ, ಬರೆಯುವ ಜಿಮ್ ಕ್ಯಾಲಿಸ್, ಕೀತ್ ಲಾ ಅಂಥವರ ಬಗ್ಗೆ ನನಗೆ ಗೌರವವಿದೆ. ಅಮೆರಿಕನ್ ಫುಟ್‌ಬಾಲಿನಲ್ಲಿ ತಂಡದಲ್ಲಿ ಯಾವ ಜಾಗ ಖಾಲಿಯಿದೆ ಎಂದು ನೋಡಿದರೆ ಅರ್ಧ ಉತ್ತರ ಸಿಕ್ಕಿಬಿಡುತ್ತದೆ. ಬೇಸ್‌ಬಾಲಿನಲ್ಲಿ ಆಯ್ಕೆಯಾದ ಹುಡುಗ ಕೆಳಹಂತದ ಮೈನರ್ ಲೀಗಿನಲ್ಲಿ ವರ್ಷಗಟ್ಟಲೆ ಮಾಗಬೇಕು, ಇವತ್ತಿನ ಖಾಲಿ ಜಾಗಕ್ಕೆ ಅರ್ಥವಿಲ್ಲ. ಹಾಗಾಗಿ ಇವರು ಯಾವ ಪಂದ್ಯಕ್ಕೆ ಯಾವ ತಂಡದ ಜನರಲ್ ಮ್ಯಾನೇಜರ್ ವಿಮಾನ ಹತ್ತಿ ಬಂದ, ಯಾವ ಹುಡುಗನ ಕಡೆಯವರು ಎಷ್ಟು ಕೇಳುತ್ತಿದ್ದಾರೆ, ಯಾವ ಡೈರೆಕ್ಟರ್‌ಗೆ ಹೈಸ್ಕೂಲ್ ಪಿಚರ್ ಎಂದರೆ ಭಯ ಎಂಬುದನ್ನು ಫೋನಿನಲ್ಲಿ ಕೂತು ಕೆದಕುತ್ತಾರೆ. ಮೂವತ್ತು ಕಚೇರಿಗಳ ಅಭ್ಯಾಸ, ಹಣ, ಹೆದರಿಕೆಗಳನ್ನು ಓದುವ ವಿದ್ಯೆ ಇದು. ಕೊನೆಯ ದಿನದ ಪಟ್ಟಿ ಒಂದು ತಿಂಗಳ ಹಿಂದಿನದಕ್ಕಿಂತ ಎಷ್ಟೋ ಸರಿಯಿರುವುದು ಇದರಿಂದಲೇ. ಆ ಮೂವತ್ತು ದಿನದಲ್ಲಿ ಹುಡುಗರು ಬದಲಾಗಿರುವುದಿಲ್ಲ. 2025ರಲ್ಲಿ ವಾಷಿಂಗ್ಟನ್ ಹದಿನೇಳರ ಈಲೈ ವಿಲಿಟ್ಸ್‌ನನ್ನು ಮೊದಲನೆಯವನಾಗಿ ಕೂಗಿ 82 ಲಕ್ಷ ಕೊಟ್ಟಿತು. ನಾಲ್ಕನೆಯವನಾದ ಈಥನ್ ಹಾಲಿಡೇಗೆ ಕೊಲೊರಾಡೊ ಕೊಟ್ಟಿದ್ದು 90 ಲಕ್ಷ. ಯಾರು ಹೆಚ್ಚು ಬೆಲೆಯವನು ಎಂದು ಈಗ ಹೇಳಿ.

ಇದನ್ನೆಲ್ಲ ಯೋಚಿಸುವಂತೆ ಮಾಡಿದ್ದು ನಮ್ಮ ಬಡಾವಣೆಯ ಒಂದು ಮನೆ. ಹಾಸನದ ಕಡೆಯವರು. ಮಗ ಹೈಸ್ಕೂಲಿನಲ್ಲಿ ಶಾರ್ಟ್‌ಸ್ಟಾಪ್ (ಎರಡನೇ, ಮೂರನೇ ಬೇಸ್‌ಗಳ ನಡುವಿನ ಫೀಲ್ಡರ್), ಬೇಸಿಗೆಯಲ್ಲಿ ಊರೂರಿಗೆ ಹೋಗಿ ಆಡುವ ಟ್ರಾವೆಲ್ ಬಾಲ್. ಪರ್ಫೆಕ್ಟ್ ಗೇಮ್ ಸಂಸ್ಥೆ, ಆಟ ತೋರಿಸಲೆಂದೇ ನಡೆಸುವ ಶೋಕೇಸ್‌ಗಳಲ್ಲಿ ಹುಡುಗರಿಗೆ ಹತ್ತರ ಮೇಲೆ ಅಂಕ ಕೊಡುತ್ತದೆ; ಏಳು ಎಂದರೆ ಕಾಲೇಜು ಮಟ್ಟ, ಎಂಟು ಎಂದರೆ ಡ್ರಾಫ್ಟ್ ಆಗಬಹುದಾದವನು. “ನೀವು ಈ ಲೆಕ್ಕಗಳನ್ನೆಲ್ಲ ನೋಡ್ತಿರ್ತೀರಲ್ಲ ಸಾರ್, ಇವನಿಗೆ ಏಳೂವರೆ ಬಂದಿದೆ. ಇನ್ನರ್ಧ ಹೆಂಗೆ ತರೋದು?” ಎಂದು ಅವನ ತಂದೆ ನನ್ನನ್ನು ಕೇಳಿದರು. ಪಕ್ಕದಲ್ಲೇ ಇದ್ದ ಹುಡುಗ ನೆಲ ನೋಡುತ್ತ, “ಅಪ್ಪ, ಅಂಕಲ್‌ಗೆ ಯಾಕೆ ತೊಂದ್ರೆ ಕೊಡ್ತೀಯ” ಎಂದ. ಒಳ್ಳೆಯ ಹುಡುಗ, ಒಳ್ಳೆಯ ಕೈ. ಆ ಅರ್ಧ ಅಂಕದಲ್ಲಿ ಅವನ ಆಟ ಎಷ್ಟು, ಆ ದಿನದ ಬಿಸಿಲು ಎಷ್ಟು, ಅಳೆದವನ ಅಭ್ಯಾಸ ಎಷ್ಟು ಎಂದು ನಾನು ಅವರಿಗೆ ಬಿಡಿಸಿ ಹೇಳಿದೆ. ತಂದೆ ತಲೆಯಾಡಿಸಿದರು, ಮುಂದಿನ ಶೋಕೇಸ್ ಯಾವಾಗ ಎಂದೂ ಹೇಳಿದರು.

ಅವರ ಆತುರಕ್ಕೆ ಕಾರಣವಿದೆ. ಬಾಗಿಲು ಕಿರಿದಾಗಿದೆ. ಒಂದು ಕಾಲಕ್ಕೆ ತಂಡಗಳು ಸಾಕೆನ್ನುವವರೆಗೂ ಡ್ರಾಫ್ಟ್ ನಡೆಯುತ್ತಿತ್ತು. ಆಮೇಲೆ 50 ಸುತ್ತು, 2012ರಿಂದ 40. ಕೋವಿಡ್ ವರ್ಷ 2020ರಲ್ಲಿ ಐದೇ ಸುತ್ತು. 2021ರಿಂದ 20, ಅಂದರೆ 600ಕ್ಕಿಂತ ತುಸು ಹೆಚ್ಚು ಹುಡುಗರು. ಅದೇ ಹೊತ್ತಿಗೆ ಮೈನರ್ ಲೀಗಿನ 160 ತಂಡಗಳನ್ನು 120ಕ್ಕೆ ಇಳಿಸಿದರು. ಮಾಪನ ಈಗ ಎಷ್ಟು ನಿಖರವೆಂದರೆ ತಡವಾದ ಸುತ್ತುಗಳಲ್ಲಿ ಹುಡುಕುವುದೇ ವ್ಯರ್ಥ ಎಂಬ ವಾದ ಇದರ ಹಿಂದಿದೆ. ರಾಕರ್ 38ನೇ ಸುತ್ತಿನಲ್ಲಿ ಆಯ್ಕೆಯಾದ ಆ ಸುತ್ತೇ ಇವತ್ತು ಇಲ್ಲ. ಪಿಯಾಜಾನ 1390ನೇ ಸ್ಥಾನವಂತೂ ಇಲ್ಲವೇ ಇಲ್ಲ. ಡ್ರಾಫ್ಟ್ ಆಗದವರೂ ಸಹಿ ಹಾಕಬಹುದು, ಹಾಕುತ್ತಿದ್ದಾರೆ. ಆದರೆ ಮೈನರ್ ಲೀಗಿನಲ್ಲಿ ಕುರ್ಚಿಗಳೇ ಕಡಿಮೆಯಾದಾಗ ಕಾಯಿಸಿ ನೋಡುವ ತಾಳ್ಮೆ ಮೊದಲು ಕಡಿತವಾಗುವುದು ಇವರಿಗೇ.

ಹಾಗೆ ಮೈನರ್ ಲೀಗಿನಿಂದ ಕೈಬಿಟ್ಟ ತಂಡಗಳಲ್ಲಿ ನ್ಯೂಯಾರ್ಕ್ ರಾಜ್ಯದ ಟ್ರಾಯ್ ಊರಿನ ಟ್ರೈ-ಸಿಟಿ ವ್ಯಾಲಿಕ್ಯಾಟ್ಸ್ ಒಂದು. ಹ್ಯೂಸ್ಟನ್‌ನ ನಂಟು ಕಳೆದುಕೊಂಡ ಮೇಲೆ ಅದು ಸ್ವತಂತ್ರವಾದ ಫ್ರಾಂಟಿಯರ್ ಲೀಗ್ ಸೇರಿ ಉಳಿದುಕೊಂಡಿತು. 2022ರ ಜೂನ್‌ನಲ್ಲಿ, ಮೆಟ್ಸ್ ಬೇಡವೆಂದ, ಕಾಲೇಜೂ ಇಲ್ಲದ ರಾಕರ್‌ಗೆ ಚೆಂಡು ಎಸೆಯಲು ಒಂದು ದಿಬ್ಬ ಕೊಟ್ಟಿದ್ದು ಆ ತಂಡ. ಐದು ಪಂದ್ಯ, 20 ಇನ್ನಿಂಗ್ಸ್, 32 ಸ್ಟ್ರೈಕ್‌ಔಟ್. ಅದನ್ನು ನೋಡಿಯೇ ರೇಂಜರ್ಸ್‌ಗೆ ಧೈರ್ಯ ಬಂದದ್ದು. ಬೇಡದ ತಂಡವೆಂದು ಲೆಕ್ಕದಿಂದ ತೆಗೆದುಹಾಕಿದ ಮೈದಾನದಲ್ಲಿ ಆ ವರ್ಷದ ಮೂರನೇ ಆಯ್ಕೆ ನಿರ್ಧಾರವಾಯಿತು. 2023ರಲ್ಲಿ ಅವನ ಮೊಣಕೈಗೂ ಶಸ್ತ್ರಚಿಕಿತ್ಸೆಯಾಯಿತು, 2024ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್ ಮುಟ್ಟಿದ. ಪೋರ್ಟರ್‌ಗೆ ಮೈನರ್ ಲೀಗಿನಲ್ಲಿ ಚೆಂಡಿನ ನಿಯಂತ್ರಣವೇ ತೊಡಕಾಯಿತು. ಎರಡನೇ ಪ್ರಶ್ನೆಯ ಉತ್ತರ ಇಬ್ಬರ ವಿಷಯದಲ್ಲೂ ಇನ್ನೂ ಬರಬೇಕಿದೆ.

ಲೀಗ್ ಕನಿಷ್ಠ ಹತ್ತು ಸುತ್ತುಗಳನ್ನಾದರೂ ಮರಳಿ ತರಬೇಕು ಎಂಬುದು ನನ್ನ ಬೇಡಿಕೆ. ಡಾಡ್ಜರ್ಸ್ ಪಿಯಾಜಾಗೆ ಕೊಟ್ಟ ಬೋನಸ್ 15,000 ಡಾಲರ್. ಹತ್ತು ಸುತ್ತು ಎಂದರೆ 300 ಹುಡುಗರು. ತಲೆಗೆ ಅಷ್ಟೇ ಕೊಟ್ಟರೂ ಮೂವತ್ತೂ ತಂಡಗಳಿಗೆ ಸೇರಿ 45 ಲಕ್ಷ. ರೇಂಜರ್ಸ್ ಒಂದೇ ತಂಡ ರಾಕರ್ ಒಬ್ಬನಿಗೇ ಕೊಟ್ಟಿದ್ದು 52 ಲಕ್ಷ. ಇನ್ನುಳಿದದ್ದು ಅವರ ಸಂಬಳ, ವಸತಿ, ಊಟದ ಖರ್ಚು, ಮತ್ತು ಅವರು ಆಡಲು ಬೇಕಾದ ಊರುಗಳು. ಆ ಊರುಗಳಲ್ಲಿ ಮೈದಾನಗಳು ಮೊದಲೇ ಕಟ್ಟಿವೆ, ಟ್ರಾಯ್‌ನಲ್ಲಿ ಇವತ್ತಿಗೂ ಜನ ಟಿಕೆಟ್ ಕೊಂಡು ಬರುತ್ತಿದ್ದಾರೆ.